ಕಾಟ್ಸ್‌ವೋಲ್ಡ್ಸ್‌ನ ಕಲ್ಲಿನ ಒಕ್ಕಲುಮನೆ: ಸಿಮೆಂಟು ಬಿಡಿಸಿ ಸುಣ್ಣಕ್ಕೆ ಮರಳಿದ ಬಗೆ

ಹಳೆಯ ಕಟ್ಟಡಗಳ ದುರಸ್ತಿ ನನ್ನ ಕಸುಬು. ಹುಟ್ಟೂರು ಸಾಗರದ ಕಡೆ, ಕೆಲಸ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ. ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ಮಡಿಲಲ್ಲಿರುವ, ಹದಿನೇಳನೆಯ ಶತಮಾನದ ಒಂದು ಕಲ್ಲಿನ ಒಕ್ಕಲುಮನೆಯ ದುರಸ್ತಿಯ ಕಥೆ ಇದು. ಮನೆಯವರು ಇಂದಿಗೂ ಕುರಿ ಸಾಕುತ್ತಾರೆ, ಬಾರ್ಲಿ ಬೆಳೆಯುತ್ತಾರೆ. ಊರಿನ ಹೆಸರು, ಅವರ ಹೆಸರು ಇಲ್ಲಿ ಬೇಡ.

ಅವರು ನನ್ನನ್ನು ಕರೆಸಿದ್ದು ಗೋಡೆಯ ಶೀತಕ್ಕೆ. ಮೊದಲು ಬಂದಿದ್ದ ಕಂಪನಿಯೊಂದು ನೆಲದಿಂದ ನೀರು ಏರುತ್ತಿದೆ ಎಂದು ತೀರ್ಮಾನಿಸಿ, ಗೋಡೆಯ ಬುಡಕ್ಕೆ ಸಾಲಾಗಿ ತೂತು ಕೊರೆದು ರಾಸಾಯನಿಕ ತುಂಬಿಸಿ, ಒಳಗೆ ಎದೆಯೆತ್ತರಕ್ಕೆ ಸಿಮೆಂಟು ಗಿಲಾವು ಬಳಿದು ಹೋಗಿತ್ತು. ಶೀತ ಆ ಗಿಲಾವನ್ನೂ ದಾಟಿ ಮೇಲಕ್ಕೆ ಹತ್ತಿತ್ತು. ಪಾರ್ಲರ್ ಎಂಬ ಕೂರುವ ಕೋಣೆಯ ಮೂಲೆಯಲ್ಲಿ ಬೂಷ್ಟು, ಕಿಟಕಿಯ ಕೆಳಗೆ ಉಪ್ಪಿನ ಬಿಳಿ ಪುಡಿ.

ಈ ಬಗೆಯ ಮನೆಗಳ ಒಂದೊಂದು ಅಂಗವೂ ಹುಟ್ಟಿದ್ದು ನೀರನ್ನು ಸಾಗಹಾಕುವ ಲೆಕ್ಕದಿಂದ. ಮಾಡಿನ (ಚಾವಣಿಯ) ಇಳಿಜಾರು, ಕಿಟಕಿಯ ಮೇಲಿನ ಹುಬ್ಬುಗಲ್ಲು, ಗೋಡೆಯ ದಪ್ಪ, ಕಲ್ಲಿನ ಸಂದಿನ ಮೆತ್ತನೆಯ ಸುಣ್ಣ, ಸದಾ ಉರಿಯುತ್ತಿದ್ದ ಒಲೆ ಎಲ್ಲವೂ ಆ ಲೆಕ್ಕಕ್ಕೆ ಸೇರಿದವು. ನೀರು ಒಳಗೆ ಬರಲೇಬಾರದು ಎಂಬ ಹಟ ಆ ಕಾಲದ ಕಟ್ಟುವವರಿಗೆ ಇರಲಿಲ್ಲ. ಬಂದ ನೀರು ಹೊರಟುಹೋಗಲು ದಾರಿ ಇರಬೇಕು ಎಂಬುದಷ್ಟೇ ಅವರ ಎಣಿಕೆ. ಇಪ್ಪತ್ತನೆಯ ಶತಮಾನದಲ್ಲಿ ನಾವು ಒಂದೊಂದಾಗಿ ಆ ದಾರಿಗಳನ್ನೆಲ್ಲ ಮುಚ್ಚಿದೆವು. ಈ ಮನೆಯಲ್ಲಿ ನನ್ನ ಕೆಲಸದ ಬಹುಪಾಲು ಅವನ್ನು ಮತ್ತೆ ತೆರೆಯುವುದೇ ಆಗಿತ್ತು.

ಚಾಣ ಹಿಡಿಯುವ ಮೊದಲು ಮನೆಯನ್ನು ಅಳೆದು ನಕ್ಷೆ ಬರೆಯುವುದು ನನ್ನ ಪದ್ಧತಿ. ಲೇಸರ್ ಸ್ಕ್ಯಾನರ್ ತಂದರೂ ಟೇಪು, ಪೆನ್ಸಿಲು ಬಿಡುವುದಿಲ್ಲ. ಕೈಯಿಂದ ಅಳೆಯುವಾಗ ಕಣ್ಣು ಒಂದೊಂದು ಕಲ್ಲಿನ ಮುಂದೆಯೂ ನಿಲ್ಲಬೇಕಾಗುತ್ತದೆ, ಮನೆಯ ಚರಿತ್ರೆ ಬಿಚ್ಚಿಕೊಳ್ಳುವುದು ಆಗಲೇ. ಇದರ ನಕ್ಷೆ ಸರಳ: ಒಂದೇ ಸಾಲಿನಲ್ಲಿ ಮೂರು ಕೋಣೆ. ನಡುವೆ ಹಾಲ್, ಎಂದರೆ ಅಡುಗೆ, ಊಟ, ಮಾತುಕತೆ ಎಲ್ಲ ನಡೆಯುತ್ತಿದ್ದ ದೊಡ್ಡ ಕೋಣೆ. ಒಂದು ತುದಿಯಲ್ಲಿ ಯಜಮಾನನ ಪಾರ್ಲರ್, ಇನ್ನೊಂದು ತುದಿಯಲ್ಲಿ ಉಗ್ರಾಣ. ಹಾಲ್‌ಗೂ ಉಗ್ರಾಣಕ್ಕೂ ನಡುವೆ ಮುಂಬಾಗಿಲಿನಿಂದ ಹಿಂಬಾಗಿಲಿಗೆ ನೇರ ಹಾಯುವ ಓಣಿ. ಆ ಓಣಿಗೆ ಬೆನ್ನು ಕೊಟ್ಟು ನಿಂತ ಭಾರಿ ಚಿಮಣಿ, ಅದರ ಪಕ್ಕದಲ್ಲೇ ಸುತ್ತಿ ಏರುವ ಇಕ್ಕಟ್ಟಿನ ಮೆಟ್ಟಿಲು. ಮುಖ ದಕ್ಷಿಣಕ್ಕೆ, ಬಿಸಿಲಿಗೆ. ಉತ್ತರದ ಗೋಡೆಗೆ ಕಿಟಕಿ ಕಡಿಮೆ, ಹಾಲು ಕೆಡದಂತೆ ತಂಪಾಗಿರಬೇಕಾದ ಡೈರಿ ಆ ಕಡೆಗೇ.

ಗೋಡೆಯ ದಪ್ಪವೇ ಕಾಲವನ್ನು ಹೇಳುತ್ತದೆ. ಮೂಲ ಮನೆಯ ಗೋಡೆ ಎರಡಡಿ ಚಿಲ್ಲರೆ, ಡೈರಿಯದು ಅದಕ್ಕಿಂತ ಸಣ್ಣದು. ಎರಡೂ ಸೇರುವಲ್ಲಿ ಕಲ್ಲುಗಳು ಒಂದರೊಳಗೊಂದು ಹೆಣೆದುಕೊಂಡಿಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ನೇರ ಸಂದು. ಅಂದರೆ ಡೈರಿ ಆಮೇಲೆ ಬಂದು ಆತುಕೊಂಡದ್ದು. ಅಟ್ಟದಲ್ಲಿ ಓಕ್ ಮರದ ಚೌಕಟ್ಟುಗಳ ಮೇಲೆ ಬಡಗಿಗಳು ಜೋಡಣೆಗೆಂದು ಕೆತ್ತಿದ ರೋಮನ್ ಅಂಕಿಗಳಿದ್ದವು, ನಾಲ್ಕನ್ನು ನಾಲ್ಕು ಗೀಟುಗಳಾಗಿಯೇ ಬರೆದಿದ್ದರು. ಅಂಕಿಗಳು ಕ್ರಮ ತಪ್ಪದೆ ಸಾಲಾಗಿದ್ದರಿಂದ ಮಾಡಿನ ಮರಗೆಲಸ ಒಂದೇ ಕೈಯದು, ಒಂದೇ ಸಲದ್ದು ಎಂದು ಗೊತ್ತಾಯಿತು. ಹೊಲಗಳ ನಡುವೆ ಒಂಟಿಯಾಗಿ ನಿಂತ ಕಾಟ್ಸ್‌ವೋಲ್ಡ್ಸ್‌ನ ಒಕ್ಕಲುಮನೆಗಳಲ್ಲಿ ಎಷ್ಟೋ, ಹದಿನೆಂಟು–ಹತ್ತೊಂಬತ್ತನೆಯ ಶತಮಾನಗಳಲ್ಲಿ ಪಾರ್ಲಿಮೆಂಟಿನ ಕಾಯ್ದೆಗಳು ಊರೊಟ್ಟಿನ ಬಯಲು ಹೊಲಗಳನ್ನು ತುಂಡು ಮಾಡಿ ಬೇಲಿ ಹಾಕಿಸಿದ ಮೇಲೆ ಕಟ್ಟಿದವು. ಇದು ಹಾಗಲ್ಲ, ಊರಿನ ಬೀದಿಯ ಕೊನೆಗೆ, ಚರ್ಚಿಗೆ ಹತ್ತಿರವಿದೆ. ಚರಿತ್ರಕಾರ ಡಬ್ಲ್ಯು. ಜಿ. ಹಾಸ್ಕಿನ್ಸ್ 1953ರಲ್ಲಿ 1570ರಿಂದ 1640ರವರೆಗಿನ ಕಾಲವನ್ನು ಇಂಗ್ಲೆಂಡಿನ ಹಳ್ಳಿಮನೆಗಳು ಹೊಸದಾಗಿ ಎದ್ದ ಕಾಲ ಎಂದು ಗುರುತಿಸಿದರು. ಆ ಅವಧಿಯನ್ನು ಎಲ್ಲ ಸೀಮೆಗೂ ಹೊಂದಿಸಲಾಗದು ಎಂಬ ವಾದ ಆಮೇಲೆ ಬಂತು. ನಮ್ಮ ಮನೆ ಮಾತ್ರ ಅದರ ಕೊನೆಯ ದಶಕಗಳಿಗೆ ಚೆನ್ನಾಗಿ ಹೊಂದುತ್ತದೆ.

ಕಿಟಕಿಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಇಲ್ಲಿನ ಹಳೆಯ ಕಿಟಕಿ ಎಂದರೆ ಕಲ್ಲಿನ ಚೌಕಟ್ಟು, ನಡುವೆ ಕಲ್ಲಿನದೇ ಸಣ್ಣ ಕಂಬಗಳು, ಕಂಬಗಳ ನಡುವೆ ಸೀಸದ ಪಟ್ಟಿಯಲ್ಲಿ ಕೂರಿಸಿದ ಪುಟ್ಟ ಪುಟ್ಟ ಗಾಜು. ಕೆಳಗಿನ ಅಂತಸ್ತಿನ ಕಿಟಕಿಗೆ ನಾಲ್ಕು ಕಂಡಿ, ಅದರ ಮೇಲಿನದಕ್ಕೆ ಮೂರು, ಮಾಡಿನ ತುದಿಯ ತ್ರಿಕೋನ ಗೋಡೆಯಾದ ಗೇಬಲ್‌ನಲ್ಲಿ ಎರಡು. ಮೇಲೇರಿದಂತೆ ಕಿರಿದಾಗುವ ಈ ಕ್ರಮ ಕಾಟ್ಸ್‌ವೋಲ್ಡ್ಸ್‌ನ ಮನೆಗಳಿಗೆ ತುಂಬ ಒಪ್ಪುತ್ತದೆ, ಎಷ್ಟು ನೋಡಿದರೂ ನನಗೆ ಬೇಸರವಿಲ್ಲ. ಪ್ರತಿ ಕಿಟಕಿಯ ತಲೆಯ ಮೇಲೆ ಗೋಡೆಯಿಂದ ಮುಂದೆ ಚಾಚಿ, ಎರಡೂ ಬದಿಗೆ ಸ್ವಲ್ಪ ಕೆಳಕ್ಕೆ ಇಳಿದ ಹುಬ್ಬುಗಲ್ಲು ಇರುತ್ತದೆ. ನೋಡಲು ಅಲಂಕಾರ. ಅದರ ಹೊಟ್ಟೆಯ ಕೆಳಗೆ ಬೆರಳಾಡಿಸಿದರೆ ಸಣ್ಣ ತೋಡು ಸಿಗುತ್ತದೆ. ಗೋಡೆಯ ಮೇಲೆ ಹರಿದುಬಂದ ಮಳೆನೀರು ಆ ತೋಡಿನ ಅಂಚಿಗೆ ಬಂದು ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ, ಗಾಜಿನ ಕಡೆಗೆ ತಿರುಗುವುದಿಲ್ಲ. ಈ ಮನೆಯ ಎರಡು ಹುಬ್ಬುಗಲ್ಲುಗಳ ತೋಡಿಗೆ ಯಾರೋ ಸಿಮೆಂಟು ಮೆತ್ತಿದ್ದರು. ಆ ಎರಡು ಕಿಟಕಿಗಳ ಕೆಳಗಿನ ಗೋಡೆಯೇ ಒಳಗಡೆ ಹೆಚ್ಚು ಒದ್ದೆಯಾಗಿತ್ತು.

ಉತ್ತರದ ಗೋಡೆಯಲ್ಲಿ ಕಲ್ಲಿನಿಂದ ಮುಚ್ಚಿದ ಒಂದು ಕಿಟಕಿ ಇದೆ. ಇಂಥದ್ದು ಕಂಡ ಕೂಡಲೇ ಎಲ್ಲರೂ ಕಿಟಕಿ ತೆರಿಗೆಯ ಮಾತೆತ್ತುತ್ತಾರೆ. ಆ ತೆರಿಗೆ 1696ರಲ್ಲಿ ಬಂದು 1851ರವರೆಗೆ ಇದ್ದದ್ದು ನಿಜ. ಆದರೆ ಮುಚ್ಚಿದ ಕಿಟಕಿಗೆಲ್ಲ ಅದೇ ಕಾರಣವಲ್ಲ. ಇಲ್ಲಿ ಕಂಡಿ ತುಂಬಿದ ಕಲ್ಲುಗಳ ನಡುವಿನ ಗಾರೆಯನ್ನೂ ಡೈರಿಯ ಗೋಡೆಯ ಗಾರೆಯನ್ನೂ ಹೋಲಿಸಿ ನೋಡಿದೆ, ಎರಡೂ ಒಂದೇ. ಡೈರಿ ಕಟ್ಟಿದಾಗ ಅದರ ಮಾಡು ಈ ಕಿಟಕಿಗೆ ಅಡ್ಡ ಬಂತು, ಮುಚ್ಚಿದರು, ಅಷ್ಟೆ. ತೆರಿಗೆಯ ನೆರಳು ಕಂಡದ್ದು ಬೇರೆ ಕಡೆ. ಹಾಲು ಇಡುವ, ಗಿಣ್ಣು ಮಾಗಿಸುವ ಕೋಣೆಗಳಿಗೆ ವಿನಾಯಿತಿ ಇತ್ತು, ಕೋಣೆಯ ಹೆಸರನ್ನು ಹೊರಗೆ ಕಾಣುವಂತೆ ಬರೆದಿರಬೇಕಿತ್ತು. ನಮ್ಮ ಡೈರಿ ಬಾಗಿಲಿನ ಮೇಲುಮರದಲ್ಲಿ ಸುಣ್ಣದ ಪದರಗಳ ಅಡಿಯಿಂದ ಹಳೆಯ ಬಣ್ಣದ ಅಕ್ಷರಗಳು ತೇಲಿಬಂದಾಗ ಮನೆಯೊಡತಿ ಮಕ್ಕಳನ್ನೆಲ್ಲ ಕರೆದು ತೋರಿಸಿದರು. ಆ ಮರವನ್ನು ಉಜ್ಜುವುದನ್ನು ಅಲ್ಲಿಗೇ ನಿಲ್ಲಿಸಿದೆವು.

ಇನ್ನು ಕಲ್ಲು. ಸುಮಾರು 17 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಕಾಲದಲ್ಲಿ, ಇಲ್ಲಿ ಬೆಚ್ಚಗಿನ, ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಉರುಳಾಡಿದ ಕಣಗಳ ಸುತ್ತ ಸುಣ್ಣ ಪದರಪದರವಾಗಿ ಕಟ್ಟಿ ಆದದ್ದು ಈ ಓಲೈಟ್ ಸುಣ್ಣಕಲ್ಲು. ಭೂತಗನ್ನಡಿ ಹಿಡಿದರೆ ಗುಂಡನೆಯ ಕಾಳುಗಳು ಸ್ಪಷ್ಟವಾಗಿ ಕಾಣುತ್ತವೆ. ಉತ್ತರ ಕಾಟ್ಸ್‌ವೋಲ್ಡ್ಸ್‌ನಲ್ಲಿ ಕಬ್ಬಿಣದ ಅಂಶದಿಂದ ಜೇನಿನ ಬಣ್ಣ, ದಕ್ಷಿಣಕ್ಕೆ ಬಾತ್ ಪಟ್ಟಣದ ಕಡೆ ಹೋದಂತೆ ಕೆನೆಬಣ್ಣ. ಗಣಿಯಿಂದ ಆಗಷ್ಟೇ ತೆಗೆದ ಕಲ್ಲಿನಲ್ಲಿ ತೇವ ತುಂಬಿರುತ್ತದೆ, ಕೆತ್ತಲು ಮೆದು. ಗಾಳಿಗೆ ಒಣಗಿದಂತೆ ಮೈ ಗಟ್ಟಿಯಾಗುತ್ತದೆ. ನಮ್ಮೂರ ಕಡೆ ನೆಲದಿಂದ ಕಡಿಯುವಾಗ ಕೊಡಲಿಗೆ ಬಗ್ಗುವ ಕೆಂಪು ಮುರಕಲ್ಲು ಬಿಸಿಲುಗಾಳಿಗೆ ಬಿಗಿಯುವುದನ್ನು ನೋಡಿ ಬೆಳೆದವರಿಗೆ ಈ ಗುಣ ಬೇಗ ಅರ್ಥವಾಗುತ್ತದೆ. ಇಲ್ಲಿನ ಮೇಸ್ತ್ರಿಗಳ ಒಂದು ಕಟ್ಟುನಿಟ್ಟು ಎಂದರೆ, ಗಣಿಯಲ್ಲಿ ಯಾವ ಮೈ ಮೇಲಾಗಿ ಮಲಗಿತ್ತೋ ಗೋಡೆಯಲ್ಲೂ ಕಲ್ಲನ್ನು ಹಾಗೆಯೇ ಮಲಗಿಸಬೇಕು. ಪದರ ನಿಲುವಾಗಿ ನಿಂತರೆ ನೀರು ಪದರದ ನಡುವೆ ಇಳಿದು, ಹಿಮಗಟ್ಟಿ, ಮುಖವೇ ಸಿಪ್ಪೆಯಾಗಿ ಕಳಚುತ್ತದೆ.

ಕೆಲಸಕ್ಕೆ ಕೈ ಹಾಕುವ ಮೊದಲು ಅನುಮತಿ ಬೇಕು. ಇಂಗ್ಲೆಂಡಿನಲ್ಲಿ ರಕ್ಷಿತ ಕಟ್ಟಡಗಳ ಪಟ್ಟಿಗೆ 1947ರ ಯೋಜನಾ ಕಾಯ್ದೆ ಬುನಾದಿ. ಇಂದು ನಡೆಯುವುದು 1990ರ ಕಾಯ್ದೆಯ ಪ್ರಕಾರ, ಪಟ್ಟಿಯನ್ನು ನೋಡಿಕೊಳ್ಳುವುದು ಹಿಸ್ಟಾರಿಕ್ ಇಂಗ್ಲೆಂಡ್ ಎಂಬ ಸರ್ಕಾರಿ ಸಂಸ್ಥೆ. ಗ್ರೇಡ್ ಒಂದು, ಎರಡು-ಸ್ಟಾರ್, ಎರಡು ಎಂಬ ಮೂರು ದರ್ಜೆಗಳಲ್ಲಿ ನಮ್ಮದು ಗ್ರೇಡ್ ಎರಡು, ಪಟ್ಟಿಯ ಬಹುಪಾಲು ಅದೇ. ಒಪ್ಪಿಗೆಯಿಲ್ಲದೆ ಕಟ್ಟಡದ ಚಹರೆ ಬದಲಿಸಿದರೆ ಅದು ಅಪರಾಧ. ಕೆಲವರಿಗೆ ಇದು ಕಿರಿಕಿರಿ. ನನಗೆ ಹಾಗನ್ನಿಸಿಲ್ಲ. ಒಂದು ಕಲ್ಲು ತೆಗೆಯುವ ಮೊದಲು ಏಕೆ ಎಂದು ಬರೆದು ಒಪ್ಪಿಸಬೇಕಾಗಿ ಬಂದರೆ, ಆ ಕಲ್ಲು ಹೆಚ್ಚಾಗಿ ಅಲ್ಲೇ ಉಳಿಯುತ್ತದೆ.

ಮೊದಲು ಮಾಡು ಹಿಡಿದೆವು. ಮೇಲಿನಿಂದ ಬರುವ ನೀರನ್ನು ನಿಲ್ಲಿಸದೆ ಗೋಡೆಗೆ ಇಳಿಯುವುದು ವ್ಯರ್ಥ. ಕಾಟ್ಸ್‌ವೋಲ್ಡ್ಸ್‌ನ ಮಾಡು ಎಂದರೆ ಕಲ್ಲಿನ ಬಿಲ್ಲೆಗಳ ಮಾಡು. ಆಕ್ಸ್‌ಫರ್ಡ್‌ಶೈರ್‌ನ ಸ್ಟೋನ್ಸ್‌ಫೀಲ್ಡ್‌ನಲ್ಲಿ ಚಳಿಗಾಲಕ್ಕೆ ಕಲ್ಲುಬಂಡೆಗಳನ್ನು ಗಣಿಯಿಂದ ಮೇಲೆ ತಂದು, ಒಣಗದಂತೆ ಒದ್ದೆಯಾಗಿಟ್ಟು, ಹಿಮ ಬಿದ್ದ ರಾತ್ರಿ ಅವು ಪದರಪದರವಾಗಿ ಬಿಚ್ಚಿಕೊಳ್ಳಲು ಬಿಡುತ್ತಿದ್ದರು. ಹಿಮವೇ ಅಲ್ಲಿ ಕೆಲಸಗಾರ. ಹೀಗೆ ಸಿಕ್ಕ ಬಿಲ್ಲೆಗಳು ಒಂದೇ ಅಳತೆಯಲ್ಲಿ ಇರುವುದಿಲ್ಲ. ದೊಡ್ಡವು ಸೂರಿಗೆ, ಎರಡಡಿ ಉದ್ದದವು. ಮೇಲೇರಿದಂತೆ ಚಿಕ್ಕವು, ನೆತ್ತಿಯ ಹತ್ತಿರ ಅರ್ಧ ಅಡಿಯವು. ಒಂದೊಂದು ಅಳತೆಗೂ ಕೆಲಸಗಾರರಲ್ಲಿ ಒಂದೊಂದು ಹೆಸರಿದೆ: ಶಾರ್ಟ್ ಬ್ಯಾಚಲರ್, ಲಾಂಗ್ ಬ್ಯಾಚಲರ್, ಹೀಗೆ. ಮೇಲ್ತುದಿಯ ತೂತಿಗೆ ಓಕ್ ಮರದ ಗೂಟ ತೂರಿಸಿ ರೀಪಿಗೆ ನೇತುಹಾಕುತ್ತಾರೆ. ತೂಕ ಚದರ ಮೀಟರಿಗೆ ಸುಮಾರು 100 ಕಿಲೋ. ಇಳಿಜಾರು 50 ಡಿಗ್ರಿಯ ಆಸುಪಾಸು, ಏಕೆಂದರೆ ಬಿಲ್ಲೆ ನೀರು ಹೀರುವ ಒರಟು ಕಲ್ಲು, ನೀರು ಅದರ ಮೇಲೆ ತಂಗದೆ ಓಡಬೇಕು. ಮಾಡು ಅಷ್ಟು ಕಡಿದಾದ್ದರಿಂದಲೇ ಅಟ್ಟ ಅಷ್ಟು ಎತ್ತರ. ಉಣ್ಣೆ, ಗಿಣ್ಣು ಇಡಲು, ಆಳುಗಳು ಮಲಗಲು ಅಲ್ಲಿ ಜಾಗ ಸಿಕ್ಕಿತು. ಅಟ್ಟಕ್ಕೆ ಬೆಳಕು ಬೇಕೆಂದು ಸೂರಿನಿಂದಲೇ ಎದ್ದ ಗೇಬಲ್‌ಗಳು ಬಂದವು. ಪ್ರವಾಸಿಗರು ಫೋಟೊ ತೆಗೆಯುವ ಆ ಮುಖವನ್ನು ಕೊಟ್ಟದ್ದು ಈ ಕಲ್ಲಿನ ಬಿಲ್ಲೆಯೇ.

ಮಾಡು ಬಿಚ್ಚಿದಾಗ ಮುಕ್ಕಾಲು ಪಾಲು ಬಿಲ್ಲೆಗಳು ಮರುಬಳಕೆಗೆ ಸಿಕ್ಕವು. ಸಾಮಾನ್ಯವಾಗಿ ಸವೆಯುವುದು ಗೂಟದ ತೂತಿರುವ ತಲೆ. ಅದನ್ನು ಕತ್ತರಿಸಿ ಹೊಸ ತೂತು ಕೊರೆದರೆ ಬಿಲ್ಲೆ ಚಿಕ್ಕದಾಗುತ್ತದೆ, ಮಾಡಿನ ಮೇಲಿನ ವರಸೆಗೆ ಹೋಗುತ್ತದೆ. ಹಾಗಾಗಿ ಪ್ರತಿ ದುರಸ್ತಿಯಲ್ಲೂ ಹೊಸದಾಗಿ ಬೇಕಾಗುವುದು ಸೂರಿನ ದೊಡ್ಡ ಬಿಲ್ಲೆಗಳು. ಅವನ್ನು ಹಳೆಯ ಸಾಮಾನಿನ ವ್ಯಾಪಾರಿಯಿಂದ ಕೊಳ್ಳಲು ನಾನು ಒಪ್ಪಲಿಲ್ಲ. ಅಲ್ಲಿ ಸಿಗುವ ಹಳೆಯ ಬಿಲ್ಲೆ ಎಂದರೆ ಇನ್ಯಾವುದೋ ಕಣದ ಕೊಟ್ಟಿಗೆಯ ಮಾಡು ಬೋಳಾಯಿತು ಎಂದರ್ಥ. ದುಬಾರಿಯಾದರೂ ಹತ್ತಿರದ ಗಣಿಯಲ್ಲಿ ಹೊಸದಾಗಿ ಸೀಳಿದ್ದನ್ನೇ ತಂದೆವು, ಗಣಿಗೂ ಕಸುಬಿಗೂ ಅದರಿಂದಲೇ ಅನ್ನ. ಎರಡು ಮಾಡು ಕೂಡುವ ಕಣಿವೆಯಲ್ಲಿ ಸೀಸದ ತಗಡು ಹಾಕದೆ, ಬಿಲ್ಲೆಗಳನ್ನೇ ಬಳಸಿ ಬಳುಕಿಸಿ ಕೂರಿಸುವುದು ಇಲ್ಲಿನ ಹಳೆಯ ಜಾಣ್ಮೆ. ಅದನ್ನು ಮಾಡಿದ ಮಾಡುಗಾರ ಬಿಲ್ಲೆಗಳನ್ನು ಅಂಗಳದಲ್ಲಿ ಹರವಿ, ಕಣ್ಣಳತೆಯಲ್ಲೇ ಆರಿಸುತ್ತಿದ್ದ. ಅವನ ಕೈಚಳಕ ನೋಡಲು ನಾನು ಬೇರೆ ಕೆಲಸಗಳನ್ನು ಮುಂದೂಡಿ ನಿಲ್ಲುತ್ತಿದ್ದೆ.

ಮಾಡಿನ ವಿಷಯದಲ್ಲಿ ವೇಳಾಪಟ್ಟಿ ನಿರ್ಧರಿಸಿದ್ದು ಬಾವಲಿಗಳು. ಅಟ್ಟದಲ್ಲಿ ಚಿಕ್ಕ ಲಾಳಮೂಗಿನ ಬಾವಲಿಗಳ ಸಂಸಾರವಿತ್ತು. 1981ರ ವನ್ಯಜೀವಿ ಕಾಯ್ದೆ ಇಲ್ಲಿನ ಎಲ್ಲ ಬಾವಲಿಗಳನ್ನೂ ಅವುಗಳ ತಂಗುದಾಣವನ್ನೂ ರಕ್ಷಿಸುತ್ತದೆ. ಸರ್ಕಾರದ ನಿಸರ್ಗ ಸಂಸ್ಥೆಯಾದ ನ್ಯಾಚುರಲ್ ಇಂಗ್ಲೆಂಡಿನಿಂದ ಪರವಾನಗಿ ಬೇಕು. ಮರಿ ಹಾಕಿ ಸಾಕುವ ಬೇಸಗೆಯಲ್ಲಿ ಮಾಡು ಮುಟ್ಟುವಂತಿಲ್ಲ, ಸುಣ್ಣದ ಕೆಲಸಕ್ಕೋ ಬೇಸಗೆಯೇ ಬೇಕು. ಬೇಸಗೆಯಲ್ಲಿ ಗೋಡೆ, ಮರಿಗಳು ಹಾರಿದ ಮೇಲೆ ಸೆಪ್ಟೆಂಬರಿನಲ್ಲಿ ಮಾಡು ಎಂದು ಹಂಚಿಕೊಂಡರೆ ಸುಲಭ. ಆದರೆ ಮಾಡು ಮೊದಲು ಆಗಲೇಬೇಕಿತ್ತು. ಆದ್ದರಿಂದ ಒಂದು ಶರತ್ಕಾಲಕ್ಕೆ ಮಾಡು ಮುಗಿಸಿ, ಚಳಿಗಾಲವೆಲ್ಲ ಗೋಡೆಯನ್ನು ಆರಲು ಬಿಟ್ಟು, ಮುಂದಿನ ವಸಂತಕ್ಕೆ ಸುಣ್ಣ ಹಿಡಿದೆವು. ಬಿಲ್ಲೆಗಳ ಅಡಿಗೆ ಈಗ ಎಲ್ಲರೂ ಹಾಸುವ ಉಸಿರಾಡುವ ಹೊಸ ಹಾಳೆಯ ಎಳೆಗಳಿಗೆ ಬಾವಲಿಗಳ ಕಾಲು ಸಿಕ್ಕಿ ಸಾಯುತ್ತವೆ. ಅವು ಇರುವ ಭಾಗಕ್ಕೆ ಹಳೆಯ ಬಗೆಯ ಟಾರು ಹಾಳೆಯನ್ನೇ ಹಾಸಬೇಕು, ಹಾಗೇ ಮಾಡಿದೆವು. ಉಳಿದ ಕಡೆ ಹಾಳೆಯೇ ಇಲ್ಲ. ಬಿಲ್ಲೆಗಳ ಒಳಮೈಗೆ ಕೂದಲು ಬೆರೆಸಿದ ಸುಣ್ಣದ ಗಾರೆ ಮೆತ್ತಿದೆವು, ಮೊದಲು ಇದ್ದ ಹಾಗೆ.

ಇನ್ನು ಗೋಡೆ, ಈ ಕೆಲಸದ ತಿರುಳು. ನೋಡಲು ಒಂದೇ ಗೋಡೆಯಾದರೂ ನಿಜಕ್ಕೆ ಅದು ಎರಡು. ಹೊರಗೊಂದು ಕಲ್ಲಿನ ಮೈ, ಒಳಗೊಂದು, ನಡುವೆ ಚೂರುಗಲ್ಲು, ಮಣ್ಣು, ಸುಣ್ಣದ ತುಂಬು. ಎರಡನ್ನೂ ಹಿಡಿದಿಡಲು ಅಲ್ಲಲ್ಲಿ ಅಡ್ಡ ಹಾಯುವ ಉದ್ದಗಲ್ಲುಗಳು. ಅಡಿಪಾಯ ಎಂಬುದು ಹೆಚ್ಚೇನೂ ಇಲ್ಲ, ತೋಡಿದ ಸಣ್ಣ ಕಾಲುವೆಯಲ್ಲಿ ದೊಡ್ಡ ಕಲ್ಲುಗಳನ್ನಿಟ್ಟು ಅಲ್ಲಿಂದಲೇ ಮೇಲೆದ್ದದ್ದು. ಮಳೆ ಬಂದಾಗ ಇಂಥ ಗೋಡೆ ಸ್ವಲ್ಪ ನೀರು ಕುಡಿಯುತ್ತದೆ. ಗಾಳಿ ಬೀಸಿದಾಗ ಆ ನೀರು ಸಂದಿನ ಸುಣ್ಣದ ಮೂಲಕ ಹೊರಬೀಳುತ್ತದೆ. ಸುಣ್ಣದ ಗಾರೆ ಕಲ್ಲಿಗಿಂತ ಮೆದು, ಕಲ್ಲಿಗಿಂತ ಹೆಚ್ಚು ರಂಧ್ರವುಳ್ಳದ್ದು. ಉಪ್ಪು, ಹಿಮ ಎರಡರ ಪೆಟ್ಟನ್ನೂ ಅದೇ ತಿಂದು ಸವೆಯುತ್ತದೆ, ತಲೆಮಾರಿಗೊಮ್ಮೆ ಅದನ್ನು ಮತ್ತೆ ತುಂಬಬೇಕು. ಕಲ್ಲು ಉಳಿಯುತ್ತದೆ.

ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಇಂಥ ಹಳ್ಳಿಮನೆಗಳ ಸಂದಿಗೆ ಅದು ಹೊಕ್ಕದ್ದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದಲ್ಲಿ. ಗಟ್ಟಿಯಾಗಿದೆ, ಬೇಗ ಬಿಗಿಯುತ್ತದೆ, ಸವೆಯುವುದಿಲ್ಲ ಎಂದು ಎಲ್ಲರೂ ಒಪ್ಪಿಕೊಂಡರು. ಕಲ್ಲಿಗೆ ಅದು ಎಷ್ಟು ಕೆಟ್ಟದ್ದು ಎಂಬುದು ಈ ಮನೆಯ ಪಶ್ಚಿಮದ ಗೋಡೆಯಲ್ಲಿ ಎದ್ದು ಕಾಣುತ್ತಿತ್ತು. ಸಂದಿನ ಸಿಮೆಂಟು ಹಾಗೆಯೇ ಮುಂದೆ ಚಾಚಿ ನಿಂತಿದೆ, ನಡುವಿನ ಕಲ್ಲುಗಳ ಮುಖ ಒಂದಂಗುಲದಷ್ಟು ಒಳಗೆ ಸವೆದಿದೆ. ಕೂದಲೆಳೆಯ ಬಿರುಕಿನಿಂದ ಒಳಹೊಕ್ಕ ನೀರಿಗೆ ಸಂದಿನಿಂದ ಹೊರಬರಲು ಆಗದೆ ಕಲ್ಲಿನ ಮುಖದಿಂದಲೇ ಬಂದಿದೆ. ಬರುವಾಗ ತಂದ ಉಪ್ಪು ಅಲ್ಲೇ ಹರಳುಗಟ್ಟಿ ಕಲ್ಲನ್ನು ಪುಡಿಮಾಡಿದೆ. ಇನ್ನುಳಿದ ನೀರು ಒಳಗಡೆಗೆ ತಿರುಗಿತು. ಒಳಗೂ ಸಿಮೆಂಟು, ಆದ್ದರಿಂದ ಅದರ ಹಿಂದೆಯೇ ಮೇಲಕ್ಕೆ ಹತ್ತಿತು.

ಗೋಡೆಗೆ ಎರಡು ಸೂಜಿ ಚುಚ್ಚಿ ನೋಡುವ ತೇವಮಾಪಕವನ್ನು ನಾನು ನೆಚ್ಚುವುದಿಲ್ಲ. ಅದು ಅಳೆಯುವುದು ವಿದ್ಯುತ್ತು ಎಷ್ಟು ಹರಿಯುತ್ತದೆ ಎಂಬುದನ್ನು, ಅದನ್ನು ಹೊಂದಿಸಿರುವುದು ಮರಕ್ಕೆ. ಗೋಡೆಯಲ್ಲಿ ಉಪ್ಪಿದ್ದರೆ ಒಣಗಿದ್ದರೂ ಒದ್ದೆ ಎನ್ನುತ್ತದೆ. ನಾನು ಬೇರೆಬೇರೆ ಎತ್ತರದಲ್ಲಿ, ಬೇರೆಬೇರೆ ಆಳಕ್ಕೆ ನಿಧಾನವಾಗಿ ಕೊರೆದು, ಬಂದ ಪುಡಿಯನ್ನು ಮುಚ್ಚಿದ ಡಬ್ಬಿಯಲ್ಲಿ ತಂದು ತೂಗಿ, ಒಲೆಯಲ್ಲಿ ಒಣಗಿಸಿ ಮತ್ತೆ ತೂಗಿದೆ. ಅಂಕಿಗಳನ್ನು ನಕ್ಷೆಯ ಮೇಲೆ ಬರೆದಾಗ ಚಿತ್ರ ತಿಳಿಯಾಯಿತು. ತೇವ ಎಲ್ಲ ಕಡೆ ಸಮನಾಗಿ ನೆಲದಿಂದ ಏರಿಲ್ಲ. ಹೆಚ್ಚು ಇರುವುದು ಮೂರು ಕಡೆ: ಸೋರುವ ನೀರಿನ ಕೊಳವೆಯ ಹಿಂದೆ, ತೋಡು ಮುಚ್ಚಿದ ಆ ಕಿಟಕಿಗಳ ಕೆಳಗೆ, ಮತ್ತು ಹೊರಗಿನ ಕಾಂಕ್ರೀಟು ದಾರಿ ಒಳಗಿನ ನೆಲಕ್ಕಿಂತ ಒಂದು ಗೇಣು ಎತ್ತರಕ್ಕೆ ಬೆಳೆದಿದ್ದ ಉದ್ದಕ್ಕೂ. ಮನೆಯೊಡತಿಗೆ ಆ ನಕ್ಷೆ ತೋರಿಸಿದಾಗ ಅವರು ತುಂಬ ಹೊತ್ತು ನೋಡಿ, ದಾರಿಯನ್ನು ತೆಗೆಯಲು ಇವತ್ತೇ ಜನ ಕರೆಸುತ್ತೇನೆ ಎಂದರು. ಅಗೆಯುವಾಗ ನಾನೇ ನಿಂತಿದ್ದೆ, ಬುಡದ ಕಲ್ಲಿಗಿಂತ ಕೆಳಕ್ಕೆ ಹೋದರೆ ಗೋಡೆಯೇ ಕುಸಿಯುತ್ತದೆ. ಒಳನೆಲಕ್ಕಿಂತ 150 ಮಿಲಿಮೀಟರ್ ಕೆಳಕ್ಕೆ ತಂದು, ಇಳಿಜಾರು ಕೊಟ್ಟು, ಜಲ್ಲಿ ತುಂಬಿದೆವು.

ಸಿಮೆಂಟು ಬಿಡಿಸುವುದಕ್ಕೆ ಯಂತ್ರದ ಚಕ್ರ ಬೇಡ ಎಂದು ಕರಾರಿನಲ್ಲೇ ಬರೆಸಿದ್ದೆ. ಚಕ್ರ ಒಂದು ಚಣ ಜಾರಿದರೆ ಕಲ್ಲಿನ ಅಂಚಿನಲ್ಲಿ ಎಂದಿಗೂ ಮಾಯದ ಗೀರು. ತೆಳು ಚಾಣ, ಸಣ್ಣ ಸುತ್ತಿಗೆ, ತಾಳ್ಮೆ ಸಾಕು. ಮೊದಲು ಗೋಡೆಯ ಮರೆಯಲ್ಲಿ ಒಂದು ಚದರ ಮೀಟರ್ ಮಾದರಿ ಮಾಡಿ, ಜಿಲ್ಲಾ ಕೌನ್ಸಿಲಿನ ಸಂರಕ್ಷಣಾಧಿಕಾರಿಯನ್ನು ಕರೆದು ತೋರಿಸಿ, ಒಪ್ಪಿಗೆ ಪಡೆದು ಮುಂದುವರಿದೆವು.

ಗಾರೆಯ ಪಾಕ ಗೊತ್ತುಮಾಡಲು ಗೋಡೆಯ ಒಳಗಿಂದ ಹಳೆಯ ಗಾರೆಯ ತುಂಡು ತೆಗೆದು ಆಮ್ಲದಲ್ಲಿ ಕರಗಿಸಿದೆವು. ಸುಣ್ಣ ಕರಗಿ ಮರಳು ಉಳಿಯುತ್ತದೆ, ಜರಡಿ ಹಿಡಿದರೆ ಮರಳಿನ ಗಾತ್ರ, ಬಣ್ಣ ತಿಳಿಯುತ್ತದೆ. ಸುಣ್ಣಕಲ್ಲಿನದೇ ಮರಳಾದರೆ ಅದೂ ಕರಗಿಬಿಡುವುದರಿಂದ ಒಂದು ತುಂಡನ್ನು ಹಾಗೆಯೇ ಇಟ್ಟುಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿಸಿದೆ. ಹಳೆಯ ಗಾರೆಯಲ್ಲಿ ಕರಗದ ಸುಣ್ಣದ ಬಿಳಿ ಗಂಟುಗಳು ಬಹಳ ಇದ್ದವು. ಸುಟ್ಟ ಸುಣ್ಣವನ್ನು ಮೊದಲೇ ಅರಳಿಸಿ ಇಡದೆ, ಮರಳಿನ ಜೊತೆಗೇ ನೀರು ಹಾಕಿ ಬಿಸಿಬಿಸಿಯಾಗಿ ಕಲಸಿದ್ದರ ಗುರುತು ಅದು. ನಾವೂ ಹಾಗೇ ಕಲಸಿದೆವು. ಕನ್ನಡಕ, ಕೈಗವಸು ಇಲ್ಲದೆ ಯಾರೂ ಹತ್ತಿರ ಸುಳಿಯುವಂತಿಲ್ಲ, ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಕುದಿಯುತ್ತದೆ. ಚಿಮಣಿಯ ತಲೆ ಮಾತ್ರ ಗಾಳಿಮಳೆಗೆ ನೇರ ಒಡ್ಡಿಕೊಂಡದ್ದು, ಅಲ್ಲಿಗೆ ನೀರಿನಲ್ಲೂ ಬಿಗಿಯುವ ಹೈಡ್ರಾಲಿಕ್ ಸುಣ್ಣ ಬಳಸಿದೆವು.

ಸಂದನ್ನು ಅಗಲದ ಎರಡರಷ್ಟು ಆಳಕ್ಕಾದರೂ ಕೆದಕಿ, ತೊಳೆದು, ಕಲ್ಲು ಒದ್ದೆ ಇರುವಾಗಲೇ ಗಾರೆ ಒತ್ತಿ ತುಂಬಬೇಕು. ಒಣಕಲ್ಲು ಗಾರೆಯ ನೀರನ್ನೆಲ್ಲ ಹೀರಿ ಅದನ್ನು ಪುಡಿಯಾಗಿಸುತ್ತದೆ. ಕರಣೆಯಲ್ಲಿ ನುಣ್ಣಗೆ ತೀಡುವುದಿಲ್ಲ. ಸ್ವಲ್ಪ ಬಿಗಿದ ಮೇಲೆ ಗಟ್ಟಿ ಬ್ರಷ್ಷಿನಿಂದ ಬಡಿಯುತ್ತೇವೆ. ಗಾರೆ ಒಳಗೆ ಗಟ್ಟಿಯಾಗಿ ಕೂರುತ್ತದೆ, ಮೈ ಒರಟಾಗಿ ಮರಳು ಕಾಣುತ್ತದೆ, ನೀರು ಆರಲು ಹೆಚ್ಚು ಮೈ ಸಿಗುತ್ತದೆ. ಆಮೇಲೆ ಒದ್ದೆ ಗೋಣಿತಟ್ಟು ಇಳಿಬಿಟ್ಟು ದಿನವೂ ನೀರು ಚಿಮುಕಿಸಬೇಕು. ಉಷ್ಣಾಂಶ 5 ಡಿಗ್ರಿಗಿಂತ ಕೆಳಗಿಳಿಯುವ ಕಾಲದಲ್ಲಿ ಈ ಕೆಲಸ ಹಿಡಿಯಬಾರದು. ನಮ್ಮ ಕಡೆ ಗಾರೆ ಅರೆಯುವಾಗ ಬೆಲ್ಲದ ನೀರು ಹಾಕುತ್ತಿದ್ದುದನ್ನು ಹೇಳಿದಾಗ ಇಲ್ಲಿನ ಮೇಸ್ತ್ರಿ ಪ್ರಮಾಣ ಎಷ್ಟು ಎಂದು ಬರೆದುಕೊಂಡ. ಇವರು ಒಳಗಿಲಾವಿಗೆ ಬೆರೆಸುವುದು ಮೇಕೆಯ ಕೂದಲು.

ಪೂರ್ವದ ಗೋಡೆ ಒಂದು ಕಡೆ ಹೊಟ್ಟೆ ಬಿಟ್ಟಿತ್ತು. ಉದ್ದಗಲ್ಲು ಮುರಿದು ಎರಡು ಮೈಗಳೂ ಬೇರೆಯಾಗಿದ್ದವು. ಅಷ್ಟು ಭಾಗವನ್ನು ಕಲ್ಲುಕಲ್ಲಿಗೂ ನಂಬರು ಹಾಕಿ ಬಿಚ್ಚಿ, ಹೊಸ ಉದ್ದಗಲ್ಲು ಸೇರಿಸಿ, ಅದೇ ಕಲ್ಲುಗಳನ್ನು ಅದೇ ಜಾಗದಲ್ಲಿ ಕಟ್ಟಿದೆವು.

ಒಳಗಿನ ಸಿಮೆಂಟು ಗಿಲಾವು ತೆಗೆದ ಮೇಲೆ ಅವಸರ ಮಾಡಲಿಲ್ಲ. ದಪ್ಪ ಗೋಡೆ ಅಂಗುಲಕ್ಕೊಂದು ತಿಂಗಳಂತೆ ಒಣಗುತ್ತದೆ ಎಂಬುದು ಇಲ್ಲಿನ ಅಂದಾಜು. ಪಾರ್ಲರಿನ ನೆಲಕ್ಕೆ ಹಿಂದೆ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟು ಸುರಿದಿದ್ದರು. ನೆಲದ ತೇವಕ್ಕೆ ಮೇಲೆ ಬರಲು ಎಡೆಯಿಲ್ಲದೆ ಅದು ಬದಿಗೆ ಸರಿದು ಗೋಡೆ ಹತ್ತಿತ್ತು. ಅದನ್ನು ಒಡೆದು, ನೊರೆಗಾಜಿನ ಜಲ್ಲಿಯ ಮೇಲೆ ಸುಣ್ಣದ ಕಾಂಕ್ರೀಟು ಹಾಕಿ, ಅಂಗಳದಲ್ಲಿ ಬಿದ್ದಿದ್ದ ಹಳೆಯ ಹಾಸುಗಲ್ಲುಗಳನ್ನು ಮತ್ತೆ ಕೂರಿಸಿದೆವು. ಹಾಲ್‌ನ ಹಾಸುಗಲ್ಲುಗಳನ್ನು ಮುಟ್ಟಲಿಲ್ಲ, ಅವು ಮಣ್ಣಿನ ಮೇಲೆಯೇ ಕೂತಿವೆ, ಚೆನ್ನಾಗಿವೆ.

ಹಾಲ್‌ನ ದೊಡ್ಡ ಒಲೆಯ ಬಾಯನ್ನು ಹಲಗೆಯಿಂದ ಮುಚ್ಚಿದ್ದರು. ಹಲಗೆ ತೆಗೆದಾಗ ಹಿಂದೆ ರೊಟ್ಟಿ ಬೇಯಿಸುವ ಗೂಡು, ಮೇಲೆ ಓಕ್ ತೊಲೆ. ತೊಲೆಯ ಮೇಲೆ ಕಣ್ಣೀರ ಹನಿಯಾಕಾರದ ಸುಟ್ಟ ಗುರುತುಗಳು, ಕೈವಾರದಿಂದ ಗೀಚಿದ ಆರೆಸಳಿನ ಹೂವು. ದೀಪದ ಕುಡಿಯನ್ನು ಬೇಕೆಂದೇ ಮರಕ್ಕೆ ಹಿಡಿದು ಮಾಡಿದ ಇಂಥ ಗುರುತುಗಳು ಕೆಡುಕು ಒಳಬರದಂತೆ ಕಾಯುವುದಕ್ಕೆ ಎಂದು ಬಲ್ಲವರ ಅಭಿಪ್ರಾಯ. 2016ರಲ್ಲಿ ಹಿಸ್ಟಾರಿಕ್ ಇಂಗ್ಲೆಂಡ್ ಇವುಗಳ ಚಿತ್ರ ಕಳುಹಿಸಿ ಎಂದು ಜನರನ್ನೇ ಕೇಳಿಕೊಂಡಿತ್ತು. ಮರ ತಿಕ್ಕಿ ಹೊಳಪು ಕೊಡುವ ಯೋಚನೆಯನ್ನು ಕೈಬಿಡಲು ಮನೆಯವರು ಕೂಡಲೇ ಒಪ್ಪಿದರು. ಚಿಮಣಿ ತೆರೆದದ್ದರಿಂದ ಇನ್ನೊಂದು ಲಾಭವಾಯಿತು. ಒಲೆ ಉರಿಯುತ್ತಿದ್ದ ಕಾಲದಲ್ಲಿ ಮನೆಯ ತೇವದ ಗಾಳಿಯನ್ನೆಲ್ಲ ಚಿಮಣಿ ಎಳೆದುಕೊಳ್ಳುತ್ತಿತ್ತು, ಅದನ್ನು ಮುಚ್ಚಿದ ಮೇಲೆ ಅಡುಗೆಯ ಆವಿಯೂ ಉಸಿರೂ ಒಳಗೇ ಉಳಿದವು.

ಚಳಿಗೆ ಏನು ಮಾಡಿದಿರಿ ಎಂದು ಊರಿನಿಂದ ಬಂದ ಗೆಳೆಯರು ಕೇಳುತ್ತಾರೆ. ಉತ್ತರದ ಗೋಡೆಯ ಒಳಮೈಗೆ ಸೆಣಬಿನಂತೆ ನಾರು ಕೊಡುವ ಹೆಂಪ್ ಗಿಡದ ಚೂರು ಬೆರೆಸಿದ ಸುಣ್ಣದ ಗಿಲಾವು, ಅಟ್ಟಕ್ಕೆ ಕುರಿಯುಣ್ಣೆ, ಹಳೆಯ ಗಾಜನ್ನು ಹಾಗೇ ಬಿಟ್ಟು ಒಳಗಿನಿಂದ ಇನ್ನೊಂದು ಗಾಜಿನ ಚೌಕಟ್ಟು. ಒಣಗಿದ ಗೋಡೆ ಒದ್ದೆ ಗೋಡೆಗಿಂತ ಬೆಚ್ಚಗಿರುತ್ತದೆ.

ಹೀಗೆ ದುರಸ್ತಿ ಮಾಡುವ ರೀತಿಯ ಹಿಂದೆ ಒಂದು ಪರಂಪರೆಯೂ ಇದೆ. ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್, ಸ್ಪ್ಯಾಬ್ ಎಂಬ ಪ್ರಾಚೀನ ಕಟ್ಟಡ ರಕ್ಷಣಾ ಸಂಘವನ್ನು 1877ರಲ್ಲಿ ಕಟ್ಟಿದವರಲ್ಲಿ ಮುಖ್ಯರು; ಹಳೆಯದನ್ನು ಊಹೆಯಿಂದ ಹೊಸದಾಗಿಸಬೇಡಿ, ಇರುವುದನ್ನು ಕಾಪಾಡಿ ಎಂಬುದು ಅದರ ನಿಲುವು. 1871ರಿಂದ ಅವರ ಹಳ್ಳಿವಾಸ ಇದೇ ಸೀಮೆಯ ಅಂಚಿನ ಕೆಲ್ಮ್‌ಸ್ಕಾಟ್ ಮ್ಯಾನರ್. ಅದೂ ಮೂಲತಃ ಕಲ್ಲಿನ ಒಕ್ಕಲುಮನೆಯೇ. ಅದರ ಮಾಡನ್ನು ನೋಡಲು ನಮ್ಮ ಮಾಡುಗಾರನ ಜೊತೆ ಹೋಗಿದ್ದೆ. 1902ರಲ್ಲಿ ವಾಸ್ತುಶಿಲ್ಪಿ ಸಿ. ಆರ್. ಆಶ್‌ಬಿ ತಮ್ಮ ಕರಕುಶಲಿಗರ ಸಂಘವನ್ನು ಲಂಡನ್ನಿನಿಂದ ಚಿಪ್ಪಿಂಗ್ ಕ್ಯಾಂಪ್ಡನ್‌ಗೆ ತಂದರು. ಪಕ್ಕದ ಬ್ರಾಡ್ ಕ್ಯಾಂಪ್ಡನ್‌ನಲ್ಲಿ ಪಾಳುಬಿದ್ದಿದ್ದ ನಾರ್ಮನ್ ಕಾಲದ ಚಾಪೆಲ್ ಒಂದನ್ನು ಅವರು ಮನೆಯಾಗಿ ದುರಸ್ತಿ ಮಾಡಿಕೊಟ್ಟದ್ದು ಆನಂದ ಕುಮಾರಸ್ವಾಮಿಯವರಿಗೆ. ನಮ್ಮ ಶಿಲ್ಪ, ನಮ್ಮ ಕುಶಲಕರ್ಮಿಗಳ ಬಗ್ಗೆ ಅಷ್ಟು ಬರೆದ ಆ ಹಿರಿಯರು ಇದೇ ಕಲ್ಲಿನ ಗೋಡೆಗಳ ನಡುವೆ ಕೆಲವು ಕಾಲ ಬಾಳಿದರು ಎಂಬುದು ಈ ದಾರಿಯಲ್ಲಿ ಓಡಾಡುವಾಗಲೆಲ್ಲ ನನಗೆ ನೆನಪಾಗುತ್ತದೆ.

ಉತ್ತರದ ಗೇಬಲ್ ಒಂದರಲ್ಲಿ ಮಾತ್ರ ಸಿಮೆಂಟನ್ನು ಹಾಗೆಯೇ ಬಿಟ್ಟಿದ್ದೇವೆ. ಮಾದರಿಗೆಂದು ಅಲ್ಲಿ ಚಾಣ ಇಟ್ಟಾಗ ಸಿಮೆಂಟಿನ ಜೊತೆ ಕಲ್ಲಿನ ಅಂಚೂ ಕಿತ್ತು ಬರುತ್ತಿತ್ತು. ಆ ಗೋಡೆಯ ಹಿಂದೆ ವಾಸದ ಕೋಣೆ ಇಲ್ಲ, ಅಟ್ಟವಿದೆ, ಅವಸರವೂ ಇಲ್ಲ. ಇಲ್ಲಿನ ಚರ್ಚುಗಳನ್ನು ಐದು ವರ್ಷಕ್ಕೊಮ್ಮೆ ಕಡ್ಡಾಯವಾಗಿ ತಪಾಸಣೆ ಮಾಡುವ ಪದ್ಧತಿ 1955ರಿಂದ ಇದೆ. ಅದನ್ನೇ ಈ ಮನೆಗೂ ಬಳಸಿಕೊಳ್ಳಿ ಎಂದು ಮನೆಯವರಿಗೆ ಒಂದು ಕಡತ ಮಾಡಿಕೊಟ್ಟೆ. ಗಾರೆಯ ಪಾಕ, ಮರಳಿನ ಗಣಿ, ಬಿಲ್ಲೆಗಳ ಅಳತೆ, ಬಾವಲಿಗಳ ದಾರಿ ಎಲ್ಲ ಅದರಲ್ಲಿದೆ. ಉತ್ತರದ ಗೇಬಲ್‌ನ ಪುಟದಲ್ಲಿ ಬರೆದಿರುವುದು ಇಷ್ಟು: ಪ್ರತಿ ಸಲ ಏಣಿ ಹಾಕಿ ಸಂದುಗಳನ್ನು ಕೈಯಿಂದ ಅಲುಗಿಸಿ ನೋಡಿ, ತಾನಾಗಿ ಸಡಿಲಾದಷ್ಟನ್ನು ಮಾತ್ರ ತೆಗೆದು ಸುಣ್ಣ ತುಂಬಿ, ಗಟ್ಟಿಯಾಗಿರುವುದನ್ನು ಮುಂದಿನ ಸಲಕ್ಕೆ ಬಿಡಿ.